ಮಳೆಯಲ್ಲಿ ಓಡಬೇಕೇ, ನಡೆಯಬೇಕೇ?

ಪ್ರಶ್ನೆ: ಬಸ್ ನಿಲ್ದಾಣದಿಂದ ನಮ್ಮ ಕಾಲೇಜಿಗೆ 100 ಮೀಟರ್ ದೂರ. ಕೊಡೆ ಮರೆತ ದಿನ ನಾನು ಓಡುತ್ತೇನೆ. ‘ಓಡಿದರೆ ಎದುರಿನ ಹನಿಗಳನ್ನೆಲ್ಲ ನೀನೇ ಮೈಮೇಲೆ ಎಳೆದುಕೊಂಡಂತೆ, ನಡೆದು ಬಾ’ ಎನ್ನುತ್ತಾಳೆ ಗೆಳತಿ. ಯಾರು ಸರಿ?
— ಕಾಲೇಜು ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಓಡಿ. ಆದರೆ ನಿಮ್ಮ ಗೆಳತಿಯ ಮಾತನ್ನು ತಳ್ಳಿಹಾಕುವಂತಿಲ್ಲ.

ಗಾಳಿಯಿಲ್ಲದೆ ನೆಟ್ಟಗೆ ಸುರಿಯುವ ಮಳೆಯನ್ನು ಮೊದಲು ನೋಡೋಣ. ತಲೆ, ಹೆಗಲಿನ ಮೇಲೆ ಬೀಳುವ ನೀರು ಹೊತ್ತಿಗೆ ಸಂಬಂಧಿಸಿದ್ದು: ಬೇಗ ತಲುಪಿದಷ್ಟೂ ಕಡಿಮೆ. ಮುಖಕ್ಕೆ, ಎದೆಗೆ, ತೊಡೆಗೆ ಬಡಿಯುವ ನೀರು ಹಾಗಲ್ಲ, ಅದು ದೂರಕ್ಕೆ ಸಂಬಂಧಿಸಿದ್ದು. ನೀವು ಸಾಗುವ ದಾರಿಯನ್ನು ನಿಮ್ಮ ಮೈಯಷ್ಟೇ ಎತ್ತರ, ಅಗಲದ ಸುರಂಗವೆಂದು ಊಹಿಸಿಕೊಳ್ಳಿ. ಯಾವ ಗಳಿಗೆಯಲ್ಲಿ ನೋಡಿದರೂ ಅದರೊಳಗಿನ ಹನಿಗಳು ಹೆಚ್ಚುಕಡಿಮೆ ಅಷ್ಟೇ. ಕೆಳಗೆ ಬಿದ್ದಷ್ಟು ಮೇಲಿನಿಂದ ಬಂದು ತುಂಬಿಕೊಳ್ಳುತ್ತವೆ. ನಡೆದರೂ ಓಡಿದರೂ ಆ ಸುರಂಗವನ್ನು ನಿಮ್ಮ ಎದೆ ಗುಡಿಸಿಕೊಂಡೇ ಹೋಗಬೇಕು. ಓಡುವಾಗ ಮುಖಕ್ಕೆ ರಪರಪನೆ ಹೊಡೆಯುವುದು ನಿಜ, ಆದರೆ ಅಷ್ಟೇ ಬೇಗ ಮುಗಿಯುತ್ತದೆ.

ನಿಮ್ಮ 100 ಮೀಟರಿಗೇ ಲೆಕ್ಕ ಹಾಕಿದೆ. ಗಂಟೆಗೆ 36 ಮಿ.ಮೀ. ಸುರಿಯುವ ಜೋರು ಮಳೆ, ಸೆಕೆಂಡಿಗೆ 7 ಮೀಟರ್ ವೇಗದಲ್ಲಿ ಬೀಳುವ ಹನಿ ಎಂದಿಟ್ಟುಕೊಳ್ಳಿ. ಎದೆಯ ಕಡೆ ಎರಡೂ ಬಗೆಯಲ್ಲಿ ಸುಮಾರು 85 ಮಿ.ಲೀ. ನೀರು. ತಲೆಯ ಮೇಲೆ ಮಾತ್ರ ನಡೆದರೆ 70 ಮಿ.ಲೀ., ಚೆನ್ನಾಗಿ ಓಡಿದರೆ 25. ಒಟ್ಟು 155ರ ಬದಲು 110. ಇನ್ನೆಷ್ಟೇ ವೇಗವಾಗಿ ಓಡಿದರೂ ಆ 85 ನಿಮ್ಮ ಪಾಲಿಗೆ ತಪ್ಪಿದ್ದಲ್ಲ. ಗೆಳತಿ ಹೇಳುತ್ತಿರುವುದು ಈ 85ರ ವಿಷಯ. ಆಕೆ ಬಿಟ್ಟದ್ದು ತಲೆಯ ಮೇಲಿನ ಉಳಿತಾಯ.

ಇದು ಬರೀ ಕಾಗದದ ಲೆಕ್ಕವಲ್ಲ. ಅಮೆರಿಕದ ನಾರ್ತ್ ಕ್ಯಾರೊಲಿನಾದ ಹವಾಮಾನ ತಜ್ಞರಾದ ಥಾಮಸ್ ಪೀಟರ್ಸನ್ ಮತ್ತು ಟ್ರೆವರ್ ವಾಲಿಸ್ ಒಂದೇ ಬಗೆಯ ಬಟ್ಟೆ ತೊಟ್ಟು, ಬೆವರು ತಾಗದಂತೆ ಒಳಗೆ ಪ್ಲಾಸ್ಟಿಕ್ ಹಾಕಿಕೊಂಡು, ಮಳೆಯಲ್ಲಿ 100 ಮೀಟರ್ ಸಾಗಿದರು. ಒಬ್ಬರು ನಡೆದರು, ಒಬ್ಬರು ಓಡಿದರು. ಆಮೇಲೆ ಬಟ್ಟೆ ತೂಗಿದಾಗ ಓಡಿದವರ ಬಟ್ಟೆ ಸುಮಾರು ಶೇ 40ರಷ್ಟು ಕಡಿಮೆ ನೀರು ಹೀರಿತ್ತು. 1997ರಲ್ಲಿ ಇದು ಪ್ರಕಟವಾಯಿತು.

ನಿಮ್ಮೂರಿನಲ್ಲಿ ಮಳೆ ನೆಟ್ಟಗೆ ಬೀಳುವ ದಿನಗಳು ಕಡಿಮೆ. ಗಾಳಿ ಎದುರಿನಿಂದ ಎರಚಲು ಹೊಡೆಯುತ್ತಿದ್ದರೆ ಯೋಚಿಸಲೇಬೇಡಿ, ಓಡಿ. ಬೆನ್ನ ಹಿಂದಿನಿಂದ ಬೀಸುತ್ತಿದ್ದರೆ ಗಾಳಿಯ ವೇಗಕ್ಕೆ ಹೆಜ್ಜೆ ಹೊಂದಿಸಿ; ಆಗ ಎದೆಗೂ ಬೆನ್ನಿಗೂ ನೀರು ತಾಗುವುದು ತೀರಾ ಕಡಿಮೆ. ಇಟಲಿಯ ಫ್ರಾಂಕೊ ಬೊಚ್ಚಿ 2012ರಲ್ಲಿ ಈ ಲೆಕ್ಕವನ್ನು ವಿವರವಾಗಿ ಮಾಡಿದ್ದಾರೆ. ಸಾಮಾನ್ಯವಾಗಿ ವೇಗವೇ ಲೇಸು, ಆದರೆ ಗಾಳಿಯ ದಿಕ್ಕು ಮತ್ತು ಮೈಕಟ್ಟನ್ನು ಅವಲಂಬಿಸಿ ಕೆಲವೊಮ್ಮೆ ಒಂದು ಹದವಾದ ವೇಗವಿರುತ್ತದೆ ಎಂದು ತೋರಿಸಿದ್ದಾರೆ. ಪಾಚಿಗಟ್ಟಿದ ಮೆಟ್ಟಿಲು ಬಂದಾಗ ಮಾತ್ರ ದಯವಿಟ್ಟು ನಡೆಯಿರಿ. 45 ಮಿ.ಲೀ. ನೀರಿಗಾಗಿ ಕಾಲು ಮುರಿದುಕೊಳ್ಳುವುದು ಬೇಡ.

ಕೊಡೆ ಇದ್ದ ದಿನ ಅದನ್ನು ಮುಂದಕ್ಕೆ ವಾಲಿಸಿ: ನಡೆಯುವಾಗ ಸುಮಾರು 10 ಡಿಗ್ರಿ, ಓಡುವಾಗ 30. ನಾಟಿಗೆ ಹೋಗುವವರ ಗೊರಬನ್ನು ನೀವು ನೋಡಿರಬಹುದು. ಬಿದಿರಿನ ಸೀಳು, ಎಲೆ ಸೇರಿಸಿ ಹೆಣೆದ ಅದು ನೆತ್ತಿಯಿಂದ ಸೊಂಟದವರೆಗೆ ಬೆನ್ನನ್ನು ಮುಚ್ಚುತ್ತದೆ, ಎದೆಯನ್ನು ಮುಚ್ಚುವುದಿಲ್ಲ. ಗದ್ದೆಯಲ್ಲಿ ಬಗ್ಗಿ ಸಸಿ ನೆಡುವವರಿಗೆ ಬೆನ್ನೇ ‘ಮೇಲ್ಭಾಗ’. ಇದ್ದಲ್ಲೇ ಗಂಟೆಗಟ್ಟಲೆ ಬಗ್ಗಿ ನಿಲ್ಲುವವರಿಗೆ ಸುರಂಗದ ನೀರಿನ ಚಿಂತೆಯೇ ಇಲ್ಲ.