ಬದುಕಿರುವ ಬ್ಯಾಕ್ಟೀರಿಯಾದೊಳಗೆ ಎರಡು ಪ್ರೋಟೀನ್ ಸೇರುತ್ತವೆ ಅಂತ ತೋರಿಸುವುದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದದ್ದು ಇಷ್ಟು. ಪುಲ್-ಡೌನ್ (ಒಂದು ಪ್ರೋಟೀನನ್ನು ಹಿಡಿದೆಳೆದು ಜೊತೆಗೆ ಏನು ಬರುತ್ತದೆ ಅಂತ ನೋಡುವ ಪರೀಕ್ಷೆ) ಮಾಡಿದಾಗ ಎರಡು ಪ್ರೋಟೀನ್ ಒಟ್ಟಿಗೆ ಬಂದಿವೆ, ಬ್ಯಾಂಡ್ ಚೆನ್ನಾಗಿದೆ. ಆದರೆ ಗೈಡ್ "ಜೀವಂತ ಕೋಶದಲ್ಲಿ ತೋರಿಸು" ಅಂತಿದ್ದಾರೆ. ಯಾವ ವಿಧಾನ ಹಿಡಿಯಬೇಕು?

ಗೈಡ್ ಕೇಳಿದ್ದು ನ್ಯಾಯವೇ. ಪುಲ್-ಡೌನ್ ಅಂದರೆ ಕೋಶ ಒಡೆಯಲೇಬೇಕು. ಒಡೆದಾಗ, ಬದುಕಿದ್ದಷ್ಟು ದಿನ ಒಂದರ ಮುಖ ಒಂದು ನೋಡದ ಪ್ರೋಟೀನ್‌ಗಳೂ ಟ್ಯೂಬಿನಲ್ಲಿ ಅಂಟಿಕೊಳ್ಳಬಹುದು. ನಿಜವಾಗಿ ಜೊತೆಗಿದ್ದರೂ ಹಿಡಿತ ಸಡಿಲವಾಗಿದ್ದವು ಬಫರ್ ಬಿದ್ದ ಕೂಡಲೇ ಬೇರೆಯಾಗಬಹುದು. ಇ. ಕೋಲಿಯ ಒಳಗೆ ಮಿಲಿಲೀಟರಿಗೆ ಸುಮಾರು 200ರಿಂದ 300 ಮಿಲಿಗ್ರಾಂ ಪ್ರೋಟೀನ್ ಕಿಕ್ಕಿರಿದಿರುತ್ತದೆ. ಕೋಶ ಒಡೆದು ತೆಗೆದ ನಮ್ಮ ದ್ರವ (ಲೈಸೇಟ್) ಅದರ ಹತ್ತಿರಕ್ಕೂ ಬರುವುದಿಲ್ಲ.

ಹಾಗಾದರೆ ಎರಡಕ್ಕೂ ಬಣ್ಣದ ಪ್ರೋಟೀನ್ ಕಟ್ಟಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಆಗಲ್ವಾ? ಆಗಲ್ಲ. ಇ. ಕೋಲಿಯ ಅಗಲ ಸುಮಾರು 1 ಮೈಕ್ರೋಮೀಟರ್. ಸಾಮಾನ್ಯ ಬೆಳಕಿನ ಮೈಕ್ರೋಸ್ಕೋಪು 200–250 ನ್ಯಾನೋಮೀಟರಿಗಿಂತ ಹತ್ತಿರದ ಎರಡು ಚುಕ್ಕೆಗಳನ್ನು ಬೇರೆ ಮಾಡಿ ತೋರಿಸಲಾರದು. ಒಂದೇ ಜಾಗದಲ್ಲಿ ಹೊಳೆದರೆ ಒಂದೇ ಕಡೆ ಇವೆ ಅಂತ ಆಯಿತು, ಅಷ್ಟೇ. ಅದೂ ನಂಬಿಕೆಗೆ ಅರ್ಹವಲ್ಲದ ಸಂದರ್ಭ ಉಂಟು. ಕ್ಲಿಪ್-ಪಿ ಅನ್ನುವ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಕಿಣ್ವ) ಕೋಶದಲ್ಲಿ ಗುಂಪುಗೂಡಿ ಚುಕ್ಕೆಯಾಗಿ ಕಾಣುತ್ತಿತ್ತು. ಅದು ಅದಕ್ಕೆ ಕಟ್ಟಿದ್ದ ಬಣ್ಣದ ಪ್ರೋಟೀನ್‌ಗಳು ತಾವೇ ಒಂದಕ್ಕೊಂದು ಅಂಟಿದ್ದರಿಂದ ಅಂತ 2012ರಲ್ಲಿ ಗೊತ್ತಾಯಿತು. ಹಾಗಾಗಿ ಯಾವ ಬಣ್ಣದ ಪ್ರೋಟೀನ್ ಬಳಸಿದರೂ ಒಂದಕ್ಕೊಂದು ಅಂಟದ ಮಾನೋಮರ್ ರೂಪವನ್ನೇ ತೆಗೆದುಕೊಳ್ಳಿ.

ನನ್ನನ್ನು ಕೇಳಿದರೆ ಬ್ಯಾಕ್ಟೀರಿಯಲ್ ಟೂ-ಹೈಬ್ರಿಡ್‌ನಿಂದ ಶುರು ಮಾಡಿ. ಖರ್ಚು ಕಡಿಮೆ, ವಿಶೇಷ ಯಂತ್ರ ಬೇಡ. ಪ್ಯಾರಿಸ್ಸಿನ ಪಾಸ್ಚರ್ ಇನ್‌ಸ್ಟಿಟ್ಯೂಟಿನಲ್ಲಿ ಕರಿಮೋವಾ, ಲಾದಾಂ ಮತ್ತು ಜೊತೆಗಾರರು 1998ರಲ್ಲಿ ಪ್ರಕಟಿಸಿದ್ದು. ನಾಯಿಕೆಮ್ಮಿನ ಬ್ಯಾಕ್ಟೀರಿಯಾದ ಅಡೆನೈಲೇಟ್ ಸೈಕ್ಲೇಸ್ ಎಂಬ ಕಿಣ್ವವನ್ನು ಅವರು ಟಿ25, ಟಿ18 ಎಂದು ಎರಡು ತುಂಡು ಮಾಡಿದರು. ಕತ್ತರಿಯ ಎರಡು ಅಲಗಿದ್ದ ಹಾಗೆ, ಬಿಡಿಬಿಡಿಯಾಗಿದ್ದರೆ ಕೆಲಸವಿಲ್ಲ. ಒಂದು ತುಂಡನ್ನು ನಿಮ್ಮ ಮೊದಲ ಪ್ರೋಟೀನಿಗೆ, ಇನ್ನೊಂದನ್ನು ಎರಡನೆಯದಕ್ಕೆ ಕಟ್ಟುತ್ತೀರಿ. ಪ್ರೋಟೀನ್‌ಗಳು ಸೇರಿದರೆ ತುಂಡುಗಳೂ ಹತ್ತಿರ ಬಂದು ಸೈಕ್ಲಿಕ್ ಎಎಂಪಿ ಎಂಬ ಸಂಕೇತದ ಅಣು ತಯಾರಾಗುತ್ತದೆ. ಇದಕ್ಕೆ ಬಳಸುವ ಬಿಟಿಎಚ್101 ಅಥವಾ ಡಿಎಚ್ಎಂ1 ಎಂಬ ಇ. ಕೋಲಿ ಸ್ಟ್ರೇನಿಗೆ ಸ್ವಂತ ಸೈಕ್ಲೇಸ್ ಇರುವುದಿಲ್ಲ. ಹಾಗಾಗಿ ಸೈಕ್ಲಿಕ್ ಎಎಂಪಿ ಬಂತು ಅಂದರೆ ಅದು ನಿಮ್ಮ ತುಂಡುಗಳಿಂದಲೇ. ಅದು ಲ್ಯಾಕ್ಟೋಸ್, ಮಾಲ್ಟೋಸ್ ಸಕ್ಕರೆ ಬಳಸಲು ಬೇಕಾದ ಲ್ಯಾಕ್ ಮತ್ತು ಮಾಲ್ ಜೀನ್‌ಗಳನ್ನು ಎಬ್ಬಿಸುತ್ತದೆ. ಎಕ್ಸ್-ಗ್ಯಾಲ್ ಪ್ಲೇಟಿನಲ್ಲಿ ಕಾಲನಿ ನೀಲಿಯಾಗುತ್ತದೆ, ಮಾಲ್ಟೋಸ್ ಹಾಕಿದ ಮ್ಯಾಕಾಂಕಿ ಪ್ಲೇಟಿನಲ್ಲಿ ಕೆಂಪಾಗುತ್ತದೆ. ಪ್ಲೇಟ್‌ಗಳನ್ನು 30 ಡಿಗ್ರಿಯಲ್ಲಿ ಇಡಿ, 37ರಲ್ಲಿ ಬೇಡ.

ಇದರಲ್ಲಿ ನನಗೆ ಇಷ್ಟವಾದ ಸಂಗತಿ ಒಂದಿದೆ. ಸೈಕ್ಲಿಕ್ ಎಎಂಪಿ ಚಿಕ್ಕ ಅಣು, ಕೋಶದ ತುಂಬ ಓಡಾಡುತ್ತದೆ. ಆದ್ದರಿಂದ ಪ್ರೋಟೀನ್‌ಗಳು ಡಿಎನ್‌ಎ ಹತ್ತಿರ ಬರಬೇಕು ಅಂತಿಲ್ಲ. ಮೆಂಬ್ರೇನಿನಲ್ಲಿ ಕೂತಿದ್ದರೂ ನಡೆಯುತ್ತದೆ. ಇದೇ ಗುಂಪು 2005ರಲ್ಲಿ ಇ. ಕೋಲಿಯ ಕೋಶವಿಭಜನೆಯ ಮೆಂಬ್ರೇನ್ ಪ್ರೋಟೀನ್‌ಗಳ ಜಾಲವನ್ನು ಹೀಗೇ ಹುಡುಕಿತು. ಒಂದು ಷರತ್ತು: ಎರಡೂ ತುಂಡು ಸೈಟೋಪ್ಲಾಸಮ್ ಕಡೆಗೇ ಇರಬೇಕು. ಒಳ, ಹೊರ ಮೆಂಬ್ರೇನುಗಳ ನಡುವಿನ ಪೆರಿಪ್ಲಾಸಮ್‌ನಲ್ಲಿ ಎಟಿಪಿ ಇಲ್ಲ, ಸೈಕ್ಲೇಸಿಗೆ ಅಲ್ಲಿ ಕಚ್ಚಾಮಾಲೇ ಸಿಗುವುದಿಲ್ಲ.

ತುಂಡನ್ನು ಯಾವ ತುದಿಗೆ ಕಟ್ಟುತ್ತೀರಿ ಅನ್ನುವುದರಲ್ಲಿ ಅರ್ಧ ಫಲಿತಾಂಶ ಇರುತ್ತದೆ. ಎಫ್‌ಟಿಎಸ್-ಝಡ್ ಉದಾಹರಣೆ ನೋಡಿ. ಕೋಶ ಎರಡಾಗುವ ಜಾಗದಲ್ಲಿ ಉಂಗುರ ಕಟ್ಟುವ ಪ್ರೋಟೀನ್ ಅದು. ಎಫ್‌ಟಿಎಸ್-ಎ ಮತ್ತು ಝಿಪ್-ಎ ಎಂಬ ಪ್ರೋಟೀನ್‌ಗಳೆರಡೂ ಅದರ ಸಿ-ತುದಿಯ ಬಾಲವನ್ನೇ ಹಿಡಿಯುತ್ತವೆ. ಆ ಬಾಲಕ್ಕೇ ಟಿ18 ಕಟ್ಟಿದರೆ ಹಿಡಿಯುವ ಜಾಗಕ್ಕೇ ಅಡ್ಡ ಬರಬಹುದು. ಪ್ಲೇಟ್ ಬೆಳ್ಳಗಿದೆ ಅಂತ "ಸೇರುವುದಿಲ್ಲ" ಅಂದುಬಿಡುವ ಹಾಗಿಲ್ಲ. ಪಿಕೆಟಿ25, ಪಿಕೆಎನ್‌ಟಿ25, ಪಿಯುಟಿ18, ಪಿಯುಟಿ18ಸಿ ಎಂದು ನಾಲ್ಕು ಪ್ಲಾಸ್ಮಿಡ್ ಇರುವುದು ಇದಕ್ಕೇ. ತುದಿ ಬದಲಿಸಿ, ತುಂಡು ಅದಲುಬದಲು ಮಾಡಿದರೆ ಒಟ್ಟು 8 ಜೋಡಿ. ಕ್ಲೋನಿಂಗ್ ಬೇಜಾರಿನ ಕೆಲಸ, ಆದರೂ ಎಂಟನ್ನೂ ಮಾಡಿ.

ಇನ್ನು ನೀಲಿ ಬಂತು ಅಂದುಕೊಳ್ಳಿ. ಸೆಮಿನಾರುಗಳಲ್ಲಿ ಜಾಸ್ತಿ ಜನ ಇಲ್ಲಿಗೇ ನಿಲ್ಲಿಸುತ್ತಾರೆ, ನನಗೆ ಅದು ಒಪ್ಪಿಗೆ ಇಲ್ಲ. ಪ್ಲಾಸ್ಮಿಡ್ಡಿನಿಂದ ಪ್ರೋಟೀನ್ ಸಹಜಕ್ಕಿಂತ ತುಂಬ ಹೆಚ್ಚು ತಯಾರಾಗುತ್ತದೆ. ಸೇರಿದ ಒಂದೊಂದು ಕಿಣ್ವವೂ ಅಣುಗಳನ್ನು ಉತ್ಪಾದಿಸುತ್ತಲೇ ಇರುವುದರಿಂದ ಚಿಕ್ಕ ಸಂಕೇತವೂ ದೊಡ್ಡದಾಗಿ ಕಾಣುತ್ತದೆ. ಜಿಗುಟು ಸ್ವಭಾವದ ಪ್ರೋಟೀನ್ ಯಾರ ಜೊತೆ ಬಿಟ್ಟರೂ ನೀಲಿ ಕೊಡುತ್ತದೆ. ಅದಕ್ಕೇ ಖಾಲಿ ಪ್ಲಾಸ್ಮಿಡ್ ಒಂದನ್ನೇ ನೆಗೆಟಿವ್ ಕಂಟ್ರೋಲ್ ಅನ್ನಬೇಡಿ. ಸಂಬಂಧವಿಲ್ಲದ, ಆದರೆ ಅದೇ ಜಾಗದಲ್ಲಿರುವ ಪ್ರೋಟೀನೊಂದನ್ನೂ ಇಡಿ. ನಿಮ್ಮದು ಮೆಂಬ್ರೇನ್ ಪ್ರೋಟೀನ್ ಆದರೆ ಕಂಟ್ರೋಲ್ ಕೂಡ ಮೆಂಬ್ರೇನ್ ಪ್ರೋಟೀನೇ ಆಗಿರಲಿ. ಪಾಸಿಟಿವ್ ಕಂಟ್ರೋಲ್‌ಗೆ ಒಂದಕ್ಕೊಂದು ಸೇರುತ್ತವೆ ಅಂತ ಗೊತ್ತಿರುವ ಜಿಸಿಎನ್4 ಲ್ಯೂಸಿನ್ ಝಿಪ್ಪರ್ ಜೋಡಿ ಸಿಗುತ್ತದೆ. ಬಣ್ಣ ನೋಡಿ ಅಂದಾಜು ಹೇಳುವ ಬದಲು ಓಎನ್‌ಪಿಜಿ (ಲ್ಯಾಕ್ ಕಿಣ್ವ ಕತ್ತರಿಸಿದರೆ ಹಳದಿಯಾಗುವ ರಾಸಾಯನಿಕ) ಹಾಕಿ, ಆ ಕಿಣ್ವದ ಕೆಲಸದ ಅಳತೆಯಾದ ಮಿಲ್ಲರ್ ಯೂನಿಟ್ಟಿನಲ್ಲಿ ಅಳೆಯಿರಿ, ಒಂದೇ ಕಾಲನಿ ಅಲ್ಲ, ಹಲವು ಕಾಲನಿ ಆರಿಸಿ.

ನನ್ನ ಪ್ರಕಾರ ನಿಜವಾದ ಸಾಕ್ಷಿ ನೀಲಿ ಬಣ್ಣ ಅಲ್ಲ, ನೀಲಿ ಹೋಗುವುದು. ಎರಡೂ ಸೇರುವ ಜಾಗದಲ್ಲಿ ಒಂದೇ ಒಂದು ಅಮೈನೋ ಆಮ್ಲ ಬದಲಿಸಿ. ಬಣ್ಣ ಹೋಯಿತಾ? ವೆಸ್ಟರ್ನ್ ಬ್ಲಾಟಿನಲ್ಲಿ (ಒಂದು ಪ್ರೋಟೀನ್ ಎಷ್ಟಿದೆ ಅಂತ ಆಂಟಿಬಾಡಿಯಿಂದ ನೋಡುವ ಪರೀಕ್ಷೆ) ಆ ಮ್ಯೂಟೆಂಟ್ ಪ್ರೋಟೀನ್ ಮೊದಲಿನಷ್ಟೇ ಇದೆಯಾ? ಎರಡಕ್ಕೂ ಹೌದು ಅಂತ ಬಂದರೆ ನಿಮ್ಮ ಗೈಡಿನ ಬಾಯಿ ಮುಚ್ಚಿಸಬಹುದು. ಬ್ಲಾಟ್ ಬಿಟ್ಟರೆ ಪ್ರೋಟೀನೇ ಕರಗಿಹೋಗಿ ಬಣ್ಣ ಹೋಗಿದ್ದರೂ ಗೊತ್ತಾಗಲ್ಲ.

ಟೂ-ಹೈಬ್ರಿಡ್ ಹೇಳಲಾರದ್ದು "ಯಾವಾಗ" ಅನ್ನುವುದು. ಬಣ್ಣ ಬರುವ ಹೊತ್ತಿಗೆ ಗಂಟೆಗಟ್ಟಲೆ ಕಳೆದಿರುತ್ತದೆ. ಅದಕ್ಕೆ ಫ್ರೆಟ್ ಬೇಕು. ಇಲ್ಲಿ ಎರಡು ಬಣ್ಣದ ಪ್ರೋಟೀನ್‌ಗಳ ನಡುವಿನ ಅಂತರ 10 ನ್ಯಾನೋಮೀಟರಿಗಿಂತ ಕಡಿಮೆಯಾದರೆ ಒಂದರ ಶಕ್ತಿ ಇನ್ನೊಂದಕ್ಕೆ ದಾಟುತ್ತದೆ. ಸೋರ್ಜಿಕ್ ಮತ್ತು ಬರ್ಗ್ 2002ರಲ್ಲಿ ಇ. ಕೋಲಿ ಯಾವ ಕಡೆ ಈಜಬೇಕು ಅಂತ ನಿಯಂತ್ರಿಸುವ ಕೀ-ವೈ, ಕೀ-ಝಡ್ ಪ್ರೋಟೀನ್‌ಗಳ ಮೇಲೆ ಮಾಡಿದ್ದು ಇದನ್ನೇ. ಬ್ಯಾಕ್ಟೀರಿಯಾ ಇಷ್ಟಪಡುವ ಆಹಾರ ಸೇರಿಸಿದ ತಕ್ಷಣ ಫ್ರೆಟ್ ಇಳಿಯುವುದು, ಆಮೇಲೆ ನಿಧಾನಕ್ಕೆ ಮೇಲೇರುವುದು, ಎಲ್ಲವೂ ಜೀವಂತ ಕೋಶದಲ್ಲೇ ಕಂಡಿತು. ಸುಂದರ ಕೆಲಸ. ಆದರೆ ಸಂಕೇತ ಸಣ್ಣದು, ಒಂದು ಬಣ್ಣ ಇನ್ನೊಂದರ ಫಿಲ್ಟರಿನಲ್ಲಿ ಸೋರುವುದನ್ನು ತಿದ್ದಬೇಕು, ಉಪಕರಣವೂ ಬೇಕು. ನಿಮಗೆ ಕಾಲದ ಪ್ರಶ್ನೆ ಇಲ್ಲದಿದ್ದರೆ ಸುಮ್ನೆ ಇದಕ್ಕೆ ಇಳಿಯಬೇಡಿ.

ಹಸಿರಾಗಿ ಹೊಳೆಯುವ ಪ್ರೋಟೀನಾದ ಜಿಎಫ್‌ಪಿಯನ್ನು ಎರಡು ಮಾಡಿ ಸೇರಿಸುವ ವಿಧಾನವೂ ಇದೆ, ಎಲ್ಲಿ ಸೇರುತ್ತವೆ ಅಂತ ಚಿತ್ರ ಸಿಗುತ್ತದೆ. ಒಮ್ಮೆ ಸೇರಿದ ತುಂಡುಗಳು ಸಾಮಾನ್ಯವಾಗಿ ಬಿಡುವುದಿಲ್ಲ, ಕ್ಷಣಕಾಲದ ಭೇಟಿಯೂ ಮದುವೆಯಾಗಿ ಕಾಣುತ್ತದೆ. ಬಣ್ಣ ಮಾಗಲು ಆಮ್ಲಜನಕ ಬೇಕಾದ್ದರಿಂದ ಗಾಳಿ ಇಲ್ಲದೆ ಬೆಳೆಯುವ ಬ್ಯಾಕ್ಟೀರಿಯಾಗಳಿಗೆ ಆಗದು. ನಿಖರವಾಗಿ ಯಾವ ಅಮೈನೋ ಆಮ್ಲ ಯಾವುದನ್ನು ಮುಟ್ಟುತ್ತಿದೆ ಅಂತ ಬೇಕಿದ್ದರೆ ಫೋಟೋ-ಕ್ರಾಸ್‌ಲಿಂಕಿಂಗ್ ನೋಡಿ. ಟಿಎಜಿ ಕೋಡಾನ್ ಇಟ್ಟ ಜಾಗದಲ್ಲಿ ಬೆಂಜೋಯಿಲ್-ಫಿನೈಲಅಲನೈನ್ ಎಂಬ ಕೃತಕ ಅಮೈನೋ ಆಮ್ಲ ಸೇರಿಸಿ, ಜೀವಂತ ಕೋಶಗಳಿಗೆ 365 ನ್ಯಾನೋಮೀಟರಿನ ಯುವಿ ಬಿಟ್ಟರೆ ಪಕ್ಕದಲ್ಲಿದ್ದದ್ದು ಬೆಸೆದುಕೊಳ್ಳುತ್ತದೆ.

ನಿಮ್ಮ ಪ್ರೋಟೀನ್‌ಗಳು ಕ್ಷಯದ ಬ್ಯಾಕ್ಟೀರಿಯಾದ್ದಾದರೆ ಇ. ಕೋಲಿಯಲ್ಲಿ ಸರಿಯಾಗಿ ಮಡಚಿಕೊಳ್ಳದೇ ಹೋಗಬಹುದು. ಆಗ 2006ರಲ್ಲಿ ಬಂದ ಎಂ-ಪಿಎಫ್‌ಸಿ ನೋಡಿ. ಅದು ಮೈಕೋಬ್ಯಾಕ್ಟೀರಿಯಮ್ ಸ್ಮೆಗ್ಮ್ಯಾಟಿಸ್‌ನಲ್ಲೇ ನಡೆಯುತ್ತದೆ, ಇಲಿಯ ಡಿಎಚ್‌ಎಫ್‌ಆರ್ ಕಿಣ್ವದ ತುಂಡುಗಳು ಸೇರಿದರೆ ಟ್ರೈಮೆಥೊಪ್ರಿಮ್ ಎಂಬ ಆಂಟಿಬಯೋಟಿಕ್ ಇದ್ದರೂ ಕಾಲನಿ ಬೆಳೆಯುತ್ತದೆ. ಬೇರೆ ಯಾವುದಾದರೆ ಟೂ-ಹೈಬ್ರಿಡ್ಡಿನ ಪ್ರೈಮರ್ ಆರ್ಡರ್ ಮಾಡುವ ಮುಂಚೆ ಪ್ರೋಟೀನಿನ ಯಾವ ತುದಿ ಸೈಟೋಪ್ಲಾಸಮ್ ಕಡೆ ಇದೆ ಅಂತ ಒಮ್ಮೆ ಖಚಿತ ಮಾಡಿಕೊಳ್ಳಿ.