ಅಮ್ಮನಿಗೆ ಸ್ಟ್ರೋಕ್ ಆಗಿದೆ, ನೋಡಿಕೊಂಡು ನಾನೇ ಸೋತಿದ್ದೇನೆ. ಆಕ್ಯುಪೇಷನಲ್ ಥೆರಪಿಯಿಂದ ನನಗೇನಾದರೂ ಉಪಯೋಗ ಇದೆಯಾ?

ಅಮ್ಮನಿಗೆ ಬಲಗೈ ಸ್ವಾಧೀನದಲ್ಲಿಲ್ಲ, ನಿಮಗೆ ನಿದ್ದೆ ಇಲ್ಲ, ಸಣ್ಣದಕ್ಕೂ ಸಿಟ್ಟು ಬರುತ್ತಿದೆ ಅಂತ ಬರೆದಿದ್ದೀರಿ. ಖಂಡಿತ ಉಪಯೋಗ ಇದೆ. ನಾನು ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ಸ್ನಾನ, ಊಟ, ಬಟ್ಟೆಯಂಥ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ನೆರವಾಗುವವರು. ಸ್ಟ್ರೋಕ್ ಆದವರ ಮನೆಗಳಲ್ಲಿ ಇದೇ ಮಾತು ಮತ್ತೆ ಮತ್ತೆ ಕೇಳುತ್ತೇನೆ.

ಒತ್ತಡಕ್ಕೆ ಪ್ರಾಣಾಯಾಮ ಮಾಡಿ, ವಾಕಿಂಗ್ ಹೋಗಿ ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ. ಆದರೆ ಪುರುಸೊತ್ತೇ ಇಲ್ಲದವರಿಗೆ ಅದು ಇನ್ನೊಂದು ಕೆಲಸ ಆಗಿಬಿಡುತ್ತದೆ, ಅಲ್ವಾ? ನಾವು ಮೊದಲು ನೋಡುವುದು ನಿಮ್ಮನ್ನು ಸುಸ್ತು ಮಾಡುತ್ತಿರುವ ಕೆಲಸಗಳನ್ನೇ.

ಒಂದು ವಾರ ಒಂದು ಹಾಳೆ ಇಟ್ಟುಕೊಳ್ಳಿ. ಯಾವ ಹೊತ್ತಿಗೆ ಏನು ಮಾಡಿದಿರಿ, ಎಷ್ಟು ದಣಿವಾಯಿತು, ಅಷ್ಟು ಬರೆದರೆ ಸಾಕು. ಹೆಚ್ಚಿನ ಮನೆಗಳಲ್ಲಿ ದಣಿವು ಇಡೀ ದಿನ ಒಂದೇ ಸಮ ಇರುವುದಿಲ್ಲ. ಸ್ನಾನ, ಬಟ್ಟೆ, ಟಾಯ್ಲೆಟ್, ಈ ಮೂರರ ಸುತ್ತಲೇ ಇರುತ್ತದೆ.

ಬಟ್ಟೆಯನ್ನೇ ತಗೊಳ್ಳಿ. ಮುಂದೆ ತೆರೆಯುವ, ಸ್ವಲ್ಪ ಸಡಿಲ ಇರುವ ನೈಟಿ ತನ್ನಿ. ಹಾಕುವಾಗ ಸ್ವಾಧೀನ ಇಲ್ಲದ ಬಲಗೈ ಮೊದಲು, ಆಮೇಲೆ ಎಡಗೈ. ಬಿಚ್ಚುವಾಗ ಎಡಗೈ ಮೊದಲು. ಅಮ್ಮ ಕುಳಿತುಕೊಂಡೇ ಹಾಕಿಕೊಳ್ಳಲಿ. ಮೊದಮೊದಲು ತುಂಬಾ ಹೊತ್ತು ಹಿಡಿಯುತ್ತದೆ, ಪಕ್ಕದಲ್ಲಿ ನಿಂತವರಿಗೆ ಕೈ ತುರಿಸುತ್ತದೆ. ದಯವಿಟ್ಟು ತಡೆದುಕೊಳ್ಳಿ. ಅವರಿಂದ ಆಗುವುದನ್ನೆಲ್ಲ ನಾವೇ ಮಾಡಿಕೊಟ್ಟರೆ ನಮ್ಮ ಬೆನ್ನೂ ಹೋಗುತ್ತದೆ, ಅವರ ಧೈರ್ಯವೂ ಹೋಗುತ್ತದೆ. ಊಟಕ್ಕೆ ಕೂತಾಗ ತಟ್ಟೆ ಜಾರದಂತೆ ಕೆಳಗೆ ಒದ್ದೆ ಬಟ್ಟೆ ಹಾಸಿ, ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿ. ಬಚ್ಚಲಲ್ಲಿ ಗಟ್ಟಿಯಾದ, ಜಾರದ ಕುರ್ಚಿ ಇರಲಿ, ಗೋಡೆಗೊಂದು ಹಿಡಿಕೆ ಹಾಕಿಸಿ. ಎಬ್ಬಿಸುವಾಗ ಬಲಗೈ ಹಿಡಿದು ಎಳೆಯಲೇಬೇಡಿ, ಭುಜದ ಕೀಲಿಗೆ ಪೆಟ್ಟಾಗುತ್ತದೆ. ಎಬ್ಬಿಸುವ ಸರಿಯಾದ ರೀತಿಯನ್ನು ಥೆರಪಿಸ್ಟ್ ಎದುರೇ ಮಾಡಿ ಕಲಿಯಿರಿ.

ಇನ್ನು ನಿಮ್ಮ ವಿಷಯ. ನಾವು ಬಳಸುವ ಒಂದು ಅಳತೆ ಕೆನಡಾದಲ್ಲಿ 1991ರಲ್ಲಿ ಬಂದದ್ದು. ನಿಮಗೆ ಮುಖ್ಯವಾದ ಕೆಲಸಗಳನ್ನು ನೀವೇ ಹೇಳಬೇಕು. ಅದು ಈಗ ಎಷ್ಟು ಆಗುತ್ತಿದೆ, ಎಷ್ಟು ತೃಪ್ತಿ ಇದೆ ಅಂತ 1ರಿಂದ 10ರೊಳಗೆ ಅಂಕವನ್ನೂ ನೀವೇ ಕೊಡಬೇಕು. ನಿಮ್ಮ ಹಾಗೆ ನೋಡಿಕೊಳ್ಳುವ ಮನೆಯವರು, ತಮ್ಮ ಬದುಕಲ್ಲಿ ನಿಂತೇ ಹೋದ ಸಂಗತಿಗಳನ್ನು ಹೇಳುತ್ತಾರೆ: ಹೊಲಿಗೆ, ಭಜನೆ, ಗೆಳತಿಯ ಜೊತೆ ಫೋನು. ಅಂಥದ್ದರಲ್ಲಿ ಒಂದನ್ನು ಆರಿಸಿ, ವಾರದಲ್ಲಿ ಇಂಥ ದಿನ, ಇಂಥ ಹೊತ್ತು ಅಂತ ಗೊತ್ತು ಮಾಡಿ. ಆ ಹೊತ್ತಿಗೆ ಅಮ್ಮನ ಹತ್ತಿರ ಯಾರಿರುತ್ತಾರೆ ಅನ್ನುವುದೂ ಮೊದಲೇ ತೀರ್ಮಾನ ಆಗಲಿ. 'ಟೈಮ್ ಸಿಕ್ಕಾಗ ಮಾಡ್ತೀನಿ' ಅಂದರೆ ಅದು ಆಗುವುದೇ ಇಲ್ಲ.

ಒಂದು ಮಾತು ಮಾತ್ರ ತಳ್ಳಿಹಾಕಬೇಡಿ. ನಿದ್ದೆ ಇಲ್ಲದೆ, ಯಾವುದರಲ್ಲೂ ಆಸಕ್ತಿ ಇಲ್ಲದೆ ಎರಡು ವಾರ ದಾಟಿದರೆ ಇಷ್ಟರಿಂದ ಸಾಲದು, ಡಾಕ್ಟರನ್ನು ಕಾಣಿ. ಬದುಕೇ ಬೇಡ ಅನ್ನಿಸಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಬೆಂಗಳೂರಿನ ನಿಮ್ಹಾನ್ಸ್, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಂಥ ಕಡೆ ಆಕ್ಯುಪೇಷನಲ್ ಥೆರಪಿ ಇದೆ. ಮೊದಲ ಸಲ ಹೋಗುವಾಗ ಬಚ್ಚಲು, ಮಂಚ, ಬಾಗಿಲ ಹೊಸ್ತಿಲು, ಇವುಗಳ ಫೋಟೋ ಮೊಬೈಲಲ್ಲಿ ತೆಗೆದುಕೊಂಡು ಹೋಗಿ. ಆ ವಾರದ ಹಾಳೆಯನ್ನೂ ಮರೆಯಬೇಡಿ.