‘ಗುಡ್ ನೈಟ್, ಆಸ್ಕರ್’ ನಾಟಕದಲ್ಲಿ ನಿಜ ಎಷ್ಟು?
ಈ ನಾಟಕದಲ್ಲಿ ತೋರಿಸುವಂತೆ ಅಮೆರಿಕದ ಪಿಯಾನೋ ವಾದಕ, ಹಾಸ್ಯಗಾರ ಆಸ್ಕರ್ ಲೆವಂಟ್ ಮಾನಸಿಕ ಆಸ್ಪತ್ರೆಯಿಂದ ಸೀದಾ ಟಿ.ವಿ. ಶೋಗೆ ಬಂದದ್ದು ನಿಜವಾ ಅಂತ ಕೇಳಿದ್ದೀರಿ. ಮನುಷ್ಯ ನಿಜ. ಕಾಯಿಲೆ, ಮಾತ್ರೆಗಳ ಚಟ, ಆಸ್ಪತ್ರೆಯ ಓಡಾಟ ಎಲ್ಲವೂ ನಿಜ. ಜ್ಯಾಕ್ ಪಾರ್ ಅವರ ‘ಟುನೈಟ್ ಶೋ’ದಲ್ಲಿ ಕೂತು ತಮ್ಮ ಕಾಯಿಲೆಯ ಬಗ್ಗೆಯೇ ಜನರನ್ನು ನಗಿಸಿದ್ದೂ ನಿಜ. ಆದರೆ ನಾಟಕದಲ್ಲಿ ಬರುವ 1958ರ ಆ ಒಂದು ರಾತ್ರಿಯನ್ನು ನಾಟಕಕಾರ ಡಗ್ ರೈಟ್ ತಮ್ಮ ಕಲ್ಪನೆಯಿಂದ ಕಟ್ಟಿದ್ದಾರೆ. ಅದನ್ನು ಆ ದಿನದ ವರದಿ ಅಂತ ನೋಡಬೇಡಿ.

ನನ್ನ ಮಟ್ಟಿಗೆ ನಾಟಕದ ಜೀವ ಇರುವುದು ಅಮೆರಿಕದ ಹೆಸರಾಂತ ಸಂಗೀತ ರಚನೆಕಾರ ಗೆರ್ಶ್ವಿನ್ ವಿಷಯದಲ್ಲಿ. ಲೆವಂಟ್ ಸ್ವತಃ ಸಂಗೀತ ರಚಿಸುತ್ತಿದ್ದವರು. ಆದರೂ ಜನ ಅವರಿಂದ ಕೇಳಲು ಬಯಸಿದ್ದು ಗೆಳೆಯ ಜಾರ್ಜ್ ಗೆರ್ಶ್ವಿನ್ ಕೃತಿಗಳನ್ನೇ. 1937ರಲ್ಲಿ ಗೆಳೆಯ ತೀರಿಕೊಂಡರೂ ಆ ನೆರಳು ಇವರನ್ನು ಬಿಡಲಿಲ್ಲ. ಅದಕ್ಕೇ ನಾಟಕದಲ್ಲಿ ಗೆರ್ಶ್ವಿನ್ ಕೂಡ ಒಂದು ಪಾತ್ರ. ಎಷ್ಟು ಕ್ರೂರ ಅಲ್ವಾ, ಪ್ರೀತಿಸಿದವನೇ ದಾರಿಗೆ ಅಡ್ಡ ನಿಲ್ಲುವುದು!

ಕೊನೆಯ ಭಾಗದಲ್ಲಿ ಲೆವಂಟ್ ಪಾತ್ರ ಮಾಡಿದ ನಟ ಶಾನ್ ಹೇಯ್ಸ್ ವೇದಿಕೆಯ ಮೇಲೆ ಗೆರ್ಶ್ವಿನ್ ಅವರ ‘ರ‍್ಯಾಪ್ಸಡಿ ಇನ್ ಬ್ಲೂ’ವನ್ನು ತಾವೇ ಪಿಯಾನೋದಲ್ಲಿ ನುಡಿಸಿದರು. ಸುಮ್ನೆ ಬೆರಳಾಡಿಸುವುದಲ್ಲ. ಮಾತಲ್ಲಿ ಎಲ್ಲವನ್ನೂ ನಗೆಯಾಗಿಸುವ ಮನುಷ್ಯನಿಗೆ ಅಲ್ಲಿ ಅಡಗಿಕೊಳ್ಳಲು ಜಾಗವೇ ಇಲ್ಲ. ಈ ಪಾತ್ರಕ್ಕೆ ಹೇಯ್ಸ್ ಅವರಿಗೆ 2023ರಲ್ಲಿ ಅಮೆರಿಕದ ರಂಗಭೂಮಿಯ ಟೋನಿ ಪ್ರಶಸ್ತಿ ಬಂತು. ಪೂರ್ತಿ ಅರ್ಹರು.

ನಾಟಕಕ್ಕೆ ಮುಂಚೆ ಲೆವಂಟ್ ನಟಿಸಿರುವ ‘ಆ್ಯನ್ ಅಮೆರಿಕನ್ ಇನ್ ಪ್ಯಾರಿಸ್’ ಸಿನಿಮಾ (1951) ನೋಡಿ. ಅವರ ಮುಖಭಾವ, ಮಾತಿನ ಧಾಟಿ ಪರಿಚಯವಾದರೆ ನಾಟಕ ಇನ್ನೂ ಜಾಸ್ತಿ ತಟ್ಟುತ್ತದೆ.